‘ನಾಂದಿ’ಯನ್ನು ಶಾಲೆಯಲ್ಲಿ ತೋರಿಸಬಹುದಾ? ಹಳೇ ಕನ್ನಡ ಸಿನಿಮಾಗಳ ಕಾಪಿರೈಟ್ ಯಾವಾಗ ಮುಗಿಯುತ್ತದೆ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಹತ್ತಿರ ಕಿವಿ ಕೇಳದ ಮಕ್ಕಳ ಒಂದು ಶಾಲೆ ಇದೆ. ವಾರಕ್ಕೆ ಎರಡು ದಿನ ಅಲ್ಲಿಗೆ ಕನ್ನಡ ಕಲಿಸಲು ಹೋಗುತ್ತೇನೆ. ಮುಂದಿನ ತಿಂಗಳು ಶಾಲೆಯ ವಾರ್ಷಿಕೋತ್ಸವ. ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಒಂದು ಸಿನಿಮಾ ತೋರಿಸೋಣ ಅಂತ ಹೆಡ್‌ಮಿಸ್ ಹೇಳಿದರು. ನನಗೆ ತಕ್ಷಣ ಹೊಳೆದದ್ದು 1964ರ ‘ನಾಂದಿ’. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಮೇಷ್ಟ್ರ ಪಾತ್ರ ರಾಜ್‌ಕುಮಾರ್ ಅವರದು. ಕಿವಿ ಕೇಳದ, ಮಾತು ಬಾರದ ಹೆಂಡತಿಯ ಪಾತ್ರ ಹರಿಣಿ ಅವರದು. ಈ ಮಕ್ಕಳು ಇದನ್ನು ನೋಡದೆ ಇನ್ಯಾರು ನೋಡಬೇಕು ಹೇಳಿ?

ಆದರೆ ಚಿತ್ರದಲ್ಲಿ ಮಾತು ಬರೀ ಕಿವಿಗೆ. ಹಾಗಾಗಿ ರಾತ್ರಿ ಹೊತ್ತು ಕೂತು ಕನ್ನಡದಲ್ಲೇ ಅಡಿಬರಹ ಮಾಡುತ್ತಿದ್ದೇನೆ. ಡೈಲಾಗ್ ಅಷ್ಟೇ ಬರೆದರೆ ಸಾಲದು. ಬಾಗಿಲು ಬಡಿದ ಸದ್ದು, ಮಗು ಅಳುವುದು, ಹಿಂದೆ ಯಾರೋ ಕರೆಯುವುದು, ಎಲ್ಲವನ್ನೂ ಬರೆಯಬೇಕು. ಹತ್ತು ನಿಮಿಷದ ಭಾಗಕ್ಕೆ ಎರಡು ಗಂಟೆ ಹಿಡಿಯುತ್ತಿದೆ.

ಈಗ ಶಾಲೆಯ ಸಮಿತಿಯವರೊಬ್ಬರು ಪ್ರಶ್ನೆ ಎತ್ತಿದ್ದಾರೆ. “ಕಾಪಿರೈಟ್ ಯಾರದ್ದು? ನಾಳೆ ಯಾರಾದರೂ ನೋಟಿಸ್ ಕಳಿಸಿದರೆ ಶಾಲೆ ಎಲ್ಲಿಗೆ ಹೋಗಬೇಕು?” ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಅರವತ್ತು ವರ್ಷ ಆದರೆ ಸಿನಿಮಾ ಎಲ್ಲರದ್ದಾಗುತ್ತದೆ ಅಂತ ಕೇಳಿದ್ದೇನೆ. ಹೌದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಬಯಲುಸೀಮೆ:

ಹೌದು ಅಕ್ಕ, 60 ವರ್ಷ. 1964 ಪ್ಲಸ್ 60 ಅಂದರೆ 2024. ಮುಗಿದುಹೋಗಿದೆ. ಧೈರ್ಯವಾಗಿ ತೋರಿಸಿ.

ಕಪ್ಪುಕೋಟು:

ಉತ್ತರ ಸರಿ, ಲೆಕ್ಕ ಸ್ವಲ್ಪ ಬೇರೆ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಈ ಒಂದು ವಾಕ್ಯ ನಂಬಿ ಜನ ಆಮೇಲೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ.

ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ 26ನೇ ಕಲಂ ಸಿನಿಮಾದ ಅವಧಿ ಹೇಳುತ್ತದೆ. ಚಿತ್ರ ಪ್ರಕಟವಾದ ವರ್ಷವನ್ನು ಬಿಟ್ಟು, ಮುಂದಿನ ವರ್ಷದ ಜನವರಿ 1ರಿಂದ 60 ವರ್ಷ ಎಣಿಸಬೇಕು. ‘ನಾಂದಿ’ 1964ರಲ್ಲಿ ಬಂತು. 1965ರ ಜನವರಿ 1ರಿಂದ ಎಣಿಸಿದರೆ 2024ರ ಡಿಸೆಂಬರ್ 31ಕ್ಕೆ 60 ತುಂಬುತ್ತದೆ. ಅಂದರೆ 2025ರ ಜನವರಿ 1ಕ್ಕೆ ಅದು ಸಾರ್ವಜನಿಕ ಸ್ವತ್ತು. 1964ರ ಫೆಬ್ರವರಿಯಲ್ಲಿ ಬಂದ ಚಿತ್ರಕ್ಕೂ ನವೆಂಬರಿನಲ್ಲಿ ಬಂದ ಚಿತ್ರಕ್ಕೂ ಒಂದೇ ದಿನ ಬಿಡುಗಡೆ. ಅದಕ್ಕೇ ಪ್ರತಿ ಜನವರಿ 1ಕ್ಕೆ ಒಂದಿಡೀ ವರ್ಷದ ಚಿತ್ರಗಳು ಒಟ್ಟಿಗೆ ಹೊರಗೆ ಬರುತ್ತವೆ. 1965ರ ಚಿತ್ರಗಳಿಗೆ 2026ರ ಜನವರಿ 1. ‘ಸತ್ಯ ಹರಿಶ್ಚಂದ್ರ’, ‘ಮಿಸ್ ಲೀಲಾವತಿ’ ಆ ಸಾಲಿನವು.

ಎಣಿಕೆ ಶುರುವಾಗುವುದು ಸೆನ್ಸಾರ್ ಆದ ದಿನದಿಂದ ಅಲ್ಲ, ಜನರ ಮುಂದೆ ಬಂದ ವರ್ಷದಿಂದ. ಡಿಸೆಂಬರಿನಲ್ಲಿ ಸೆನ್ಸಾರ್ ಆಗಿ ಜನವರಿಯಲ್ಲಿ ತೆರೆಕಂಡ ಚಿತ್ರ ಇದ್ದರೆ ಪೂರ್ತಿ ಒಂದು ವರ್ಷದ ವ್ಯತ್ಯಾಸ ಬೀಳುತ್ತದೆ. ಸರ್ಟಿಫಿಕೇಟ್ ಮೇಲಿನ ತಾರೀಖು ನೋಡಿ ಲೆಕ್ಕ ಹಾಕಬೇಡಿ.

ರೀಲುಡಬ್ಬಿ:

ಕಪ್ಪುಕೋಟು ಸರ್, ಮೊದಲು 50 ವರ್ಷ ಇತ್ತು ಅಂತ ನಮ್ಮ ಆಫೀಸಿನಲ್ಲಿ ಹಿರಿಯರು ಹೇಳುತ್ತಿದ್ದರು. ಯಾವಾಗ ಬದಲಾಯಿತು?

ಕಪ್ಪುಕೋಟು:

ಹೌದು ಸರ್, 50 ಇತ್ತು. ಅದು ಬದಲಾದದ್ದು ರವೀಂದ್ರನಾಥ ಟ್ಯಾಗೋರ್ ಅವರಿಂದ. ಅವರು ತೀರಿಕೊಂಡದ್ದು 1941ರಲ್ಲಿ. ಆಗಿನ ಲೆಕ್ಕದಲ್ಲಿ ಅವರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಆ ಹಕ್ಕು ವಿಶ್ವಭಾರತಿಯ ಕೈಲಿತ್ತು. ಇನ್ನೇನು ಮುಗಿಯಿತು ಅನ್ನುವಾಗ, 1991ರ ಡಿಸೆಂಬರ್ ಕೊನೆಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದು 60 ಮಾಡಿತು. 1992ರಲ್ಲಿ ಅದೇ ಕಾಯ್ದೆಯಾಯಿತು. ಕವಿಗಳಿಗೆ ಮಾತ್ರ ಅಲ್ಲ, ಸಿನಿಮಾಗಳಿಗೂ ಅದೇ ಹೊಡೆತದಲ್ಲಿ ಹತ್ತು ವರ್ಷ ಜಾಸ್ತಿ ಸಿಕ್ಕಿತು. 1954ರ ‘ಬೇಡರ ಕಣ್ಣಪ್ಪ’ 2005ರಲ್ಲಿ ಎಲ್ಲರದ್ದಾಗಬೇಕಿತ್ತು, 2015ರ ತನಕ ಕಾಯಬೇಕಾಯಿತು.

ಇನ್ನೂ ಹತ್ತು ವರ್ಷ ಏರಿಸುವ ಪ್ರಯತ್ನವೂ ನಡೆದಿತ್ತು. 2010ರ ತಿದ್ದುಪಡಿ ಮಸೂದೆಯಲ್ಲಿ ನಿರ್ದೇಶಕರನ್ನೂ ನಿರ್ಮಾಪಕರ ಜೊತೆ ಚಿತ್ರದ ಕರ್ತೃ ಮಾಡಿ, ಅವಧಿಯನ್ನು 70ಕ್ಕೆ ಒಯ್ಯುವ ಮಾತಿತ್ತು. 2012ರಲ್ಲಿ ಕಾಯ್ದೆ ಆಗುವಾಗ ಅದನ್ನು ಕೈಬಿಟ್ಟರು. ಹಾಗಾಗಿ ಇವತ್ತಿಗೂ ಕಾನೂನಿನ ಕಣ್ಣಲ್ಲಿ ಚಿತ್ರದ ಕರ್ತೃ ನಿರ್ಮಾಪಕರೇ. ಅವರು ಯಾವಾಗ ತೀರಿಕೊಂಡರು, ನಿರ್ದೇಶಕರು ಯಾವಾಗ ತೀರಿಕೊಂಡರು ಅನ್ನುವುದು ಚಿತ್ರದ ಅವಧಿಗೆ ಬೇಕಿಲ್ಲ. ಬಿಡುಗಡೆಯ ವರ್ಷ ಒಂದೇ ಸಾಕು.

ಹಾಡುಹಕ್ಕಿ:

ಹಾಗಿದ್ದರೆ ನನಗೆ ಯಾಕೆ ಹೊಡೆತ ಬಿತ್ತು? ನಾನು ಹಳೇ ಚಿತ್ರಗಳ ತುಣುಕುಗಳನ್ನು ಯೂಟ್ಯೂಬಿಗೆ ಹಾಕುತ್ತೇನೆ. ದುಡ್ಡಿಗಲ್ಲ, ಇಷ್ಟಕ್ಕೆ. 1960ರ ಒಂದು ಕಪ್ಪು ಬಿಳುಪು ಚಿತ್ರದ ಹಾಡು ಹಾಕಿದ್ದೆ. ಅದರ ಅವಧಿ 2020ಕ್ಕೇ ಮುಗಿದಿತ್ತು. ಎರಡೇ ದಿನಕ್ಕೆ ಒಂದು ಹಾಡಿನ ಕಂಪನಿಯಿಂದ ಕ್ಲೇಮ್ ಬಂತು. ಚಿತ್ರ ಹಳೇದು, ಅರವತ್ತು ದಾಟಿದೆ ಅಂತ ಬರೆದು ಕಳಿಸಿದೆ. ಒಪ್ಪಲಿಲ್ಲ. ಕೊನೆಗೆ ನಾನೇ ತೆಗೆದುಹಾಕಿದೆ. ಆವತ್ತು ತುಂಬಾ ಬೇಜಾರಾಯಿತು. ಚಿತ್ರ ಎಲ್ಲರದ್ದು ಅಂದಮೇಲೆ ಅದರೊಳಗಿನ ಹಾಡು ಮಾತ್ರ ಯಾರದ್ದೋ ಹೇಗಾಗುತ್ತದೆ?

ಕಪ್ಪುಕೋಟು:

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯಕ್ಕೇ ಬಂದಿರಿ. ಸಿನಿಮಾ ಅನ್ನುವುದು ಒಂದು ವಸ್ತು ಅಲ್ಲ. ಅದೊಂದು ಕೂಡುಕುಟುಂಬ. ಮನೆಗೆ ಒಂದು ವಯಸ್ಸು, ಒಳಗಿರುವ ಒಬ್ಬೊಬ್ಬರಿಗೆ ಬೇರೆ ಬೇರೆ ವಯಸ್ಸು. ಕಾಯ್ದೆಯ 13ನೇ ಕಲಮಿನಲ್ಲಿ ನಾಲ್ಕನೇ ಉಪಕಲಂ ಇದನ್ನೇ ಹೇಳುತ್ತದೆ. ಚಿತ್ರದ ಹಕ್ಕು ಬೇರೆ, ಚಿತ್ರಕ್ಕೆ ಬಳಸಿದ ಕಥೆ, ಹಾಡು, ಸಂಗೀತದ ಹಕ್ಕು ಬೇರೆ. ಒಂದು ಇನ್ನೊಂದನ್ನು ಮುಟ್ಟುವುದಿಲ್ಲ.

‘ನಾಂದಿ’ಯನ್ನೇ ತೆಗೆದುಕೊಳ್ಳಿ. ‘ಹಾಡೊಂದ ಹಾಡುವೆ’ ಬರೆದವರು ಆರ್.ಎನ್. ಜಯಗೋಪಾಲ್. ಅವರು ತೀರಿಕೊಂಡದ್ದು 2008ರಲ್ಲಿ. ಬರಹಕ್ಕೆ ಅವಧಿ ಬರೆದವರ ಜೀವಮಾನ ಮತ್ತು ಅವರು ಹೋದ ವರ್ಷದ ನಂತರ 60 ವರ್ಷ. ಅಂದರೆ ಆ ಸಾಹಿತ್ಯದ ಹಕ್ಕು 2068ರ ಕೊನೆಯವರೆಗೆ ಇದೆ. ರಾಗ ಕಟ್ಟಿದ ವಿಜಯಭಾಸ್ಕರ್ 2002ರಲ್ಲಿ ತೀರಿಕೊಂಡರು, ಸಂಗೀತದ ಹಕ್ಕು 2062ರ ಕೊನೆಯವರೆಗೆ. ಆದರೆ ಆಗ ಬಂದ ಗ್ರಾಮಫೋನ್ ಮುದ್ರಿಕೆಗೆ ಸಿನಿಮಾದ ಹಾಗೆಯೇ ಪ್ರಕಟವಾದ ವರ್ಷದಿಂದ 60. ಅದು 2024ರ ಕೊನೆಗೆ ಮುಗಿಯಿತು. ಒಂದೇ ಹಾಡು, ಮೂರು ಗಡಿಯಾರ. ಮೂರೂ ನಿಂತ ಮೇಲೆ ಆ ಹಾಡು ಪೂರ್ತಿ ಸ್ವತಂತ್ರ.

ಕಂಪನಿಯವರು ಕ್ಲೇಮ್ ಮಾಡಿದ್ದು ಸರಿಯೋ ತಪ್ಪೋ ಅವರ ಕಾಗದ ನೋಡದೆ ಹೇಳಲಾರೆ. ಸಾಹಿತ್ಯ ಸಂಗೀತದ ಹಕ್ಕು ಕೊಂಡಿದ್ದರೆ ಅವರ ಮಾತಿಗೆ ಆಧಾರ ಇದೆ. ಬರೀ ಹಳೇ ರೆಕಾರ್ಡಿನ ಹಕ್ಕು ಮಾತ್ರ ಇದ್ದರೆ ಇಲ್ಲ.

ತುಂಗಾತೀರ:

ಸರ್, ಈಗ ನನಗೆ ಭಯ ಜಾಸ್ತಿ ಆಯಿತು. ಚಿತ್ರ ತೋರಿಸಿದರೆ ಹಾಡೂ ಬರುತ್ತದಲ್ಲ. ಹಾಡು ಬಂದಾಗಲೆಲ್ಲ ನಿಲ್ಲಿಸಲಾ?

ಕಪ್ಪುಕೋಟು:

ಬೇಡ ಮೇಡಂ, ನಿಲ್ಲಿಸಬೇಡಿ. ಎರಡು ಸಂಗತಿ ಹೇಳುತ್ತೇನೆ.

ಮೊದಲನೆಯದು. 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಸಂಗೀತಗಾರರ, ಗೀತರಚನಕಾರರ ಸೊಸೈಟಿ ಒಂದು ಕಡೆ, ಚಿತ್ರ ನಿರ್ಮಾಪಕರ ಸಂಘ ಇನ್ನೊಂದು ಕಡೆ. ನಿರ್ಮಾಪಕರು ದುಡ್ಡು ಕೊಟ್ಟು ಚಿತ್ರಕ್ಕೆಂದೇ ಹಾಡು ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಮಾಲೀಕರು ನಿರ್ಮಾಪಕರೇ ಅಂತ ಕೋರ್ಟ್ ಹೇಳಿತು. ಚಿತ್ರವನ್ನು ಚಿತ್ರವಾಗಿ ತೋರಿಸುವಾಗ ಅದರೊಳಗಿನ ಹಾಡಿಗೆ ಬೇರೆ ಅನುಮತಿ ಬೇಕು ಅಂತ ಹಾಡು ಬರೆದವರು ಅಡ್ಡ ಬರುವ ಹಾಗಿಲ್ಲ ಅನ್ನುವುದು ಅದರ ತಿರುಳು. ಹಾಡನ್ನು ಚಿತ್ರದಿಂದ ಬಿಡಿಸಿ ಬೇರೆ ಕಡೆ ಬಳಸಿದರೆ ಕಥೆ ಬೇರೆ. ನಮ್ಮ ಹಾಡುಹಕ್ಕಿ ಅವರಿಗೆ ಆದದ್ದು ಅದೇ. 2012ರ ತಿದ್ದುಪಡಿ ಬರೆಯುವವರ, ರಾಗ ಹಾಕುವವರ ಗೌರವಧನವನ್ನು ಗಟ್ಟಿ ಮಾಡಿತು. ನನಗೆ ಅದು ತುಂಬಾ ಸಂತೋಷ ಕೊಟ್ಟ ಬದಲಾವಣೆ. ಅಲ್ಲೂ ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಬರುವ ಹಾಡನ್ನು ಆ ಗೌರವಧನದಿಂದ ಹೊರಗೇ ಇಟ್ಟಿದ್ದಾರೆ.

ಎರಡನೆಯದು ನಿಮಗೆ ಹೇಳಿ ಮಾಡಿಸಿದ ಹಾಗಿದೆ. ನಿಮಗೆ 60 ವರ್ಷದ ಲೆಕ್ಕವೇ ಬೇಕಿರಲಿಲ್ಲ. 52ನೇ ಕಲಂ ಯಾವುದು ಉಲ್ಲಂಘನೆ ಅಲ್ಲ ಅಂತ ಪಟ್ಟಿ ಮಾಡುತ್ತದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು. ನೋಡುವವರು ಮಕ್ಕಳು, ಶಿಕ್ಷಕರು, ಅಪ್ಪ ಅಮ್ಮ ಅಥವಾ ಪೋಷಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಆಗಿದ್ದರೆ ಸಾಕು. ಊರಿಗೆಲ್ಲ ಡಂಗುರ ಹೊಡೆಸಿ ಕರೆದರೆ ಈ ರಕ್ಷಣೆ ಇರುವುದಿಲ್ಲ.

ಇನ್ನು ನಿಮ್ಮ ಅಡಿಬರಹ. 2012ರಲ್ಲಿ ಇದೇ ಕಲಮಿಗೆ ಅಂಗವಿಕಲರಿಗಾಗಿ ಒಂದು ಹೊಸ ಭಾಗ ಸೇರಿತು. ಇರುವ ರೂಪದಲ್ಲಿ ಒಂದು ಕೃತಿ ಅವರಿಗೆ ದಕ್ಕದಿದ್ದರೆ, ದಕ್ಕುವ ರೂಪಕ್ಕೆ ಬದಲಾಯಿಸಬಹುದು. ಲಾಭಕ್ಕೆ ಮಾಡಬಾರದು. ಆ ಪ್ರತಿ ಮಾರುಕಟ್ಟೆಗೆ ಹೋಗದಂತೆ ನೋಡಿಕೊಳ್ಳಬೇಕು. ಹಕ್ಕು ಇನ್ನೂ ಇರುವ ಚಿತ್ರಕ್ಕೂ ಇದು ಅನ್ವಯಿಸುತ್ತದೆ. ಕಣ್ಣು ಕಾಣದವರ ಪುಸ್ತಕಕ್ಕೆ ಮಾತ್ರ ಇದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಕಿವಿ ಕೇಳದವರ ಸಿನಿಮಾಕ್ಕೂ ಇದೆ.

ತುಂಗಾತೀರ:

ಸರ್, ಇದನ್ನು ಓದಿ ಕಣ್ಣು ತುಂಬಿ ಬಂತು. ಹೆಡ್‌ಮಿಸ್‌ಗೆ ಪ್ರಿಂಟ್ ತೆಗೆದು ತೋರಿಸುತ್ತೇನೆ.

ಬಯಲುಸೀಮೆ:

ಕಪ್ಪುಕೋಟು ಸರ್, ನಂದೂ ಒಂದು ಪ್ರಶ್ನೆ. ನಾನು ಸಿನಿಮಾ ಓದುತ್ತಿದ್ದೇನೆ. ‘ಚಂದವಳ್ಳಿಯ ತೋಟ’ ಕೂಡ 1964ರದ್ದು. ಅದನ್ನು ಈಗಿನ ಕಾಲಕ್ಕೆ ಹೊಂದಿಸಿ ಕಿರುಚಿತ್ರ ಮಾಡುವ ಆಸೆ ನನಗೂ ನನ್ನ ಗೆಳೆಯರಿಗೂ. ಚಿತ್ರ ಸಾರ್ವಜನಿಕ ಆಗಿದೆ ಅಂದಮೇಲೆ ಮಾಡಬಹುದು ತಾನೇ?

ಕಪ್ಪುಕೋಟು:

ತಡಿ ತಮ್ಮ. ಆ ಚಿತ್ರ ತ.ರಾ.ಸು. ಅವರ ಕಾದಂಬರಿ ಆಧರಿಸಿದ್ದು. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಕಾದಂಬರಿಯ ಹಕ್ಕು 2044ರ ಕೊನೆಯವರೆಗೆ ಅವರ ವಾರಸುದಾರರದ್ದು. ಚಿತ್ರವನ್ನು ತೋರಿಸು, ತುಣುಕು ಬಳಸು, ಅದರ ಮೇಲೆ ಪ್ರಬಂಧ ಮಾಡು, ತೊಂದರೆ ಇಲ್ಲ. ಆದರೆ ಕಥೆಯನ್ನು ಮತ್ತೆ ಹೇಳುವುದು ಅಂದರೆ ಕಾದಂಬರಿಯನ್ನು ಮುಟ್ಟಿದ ಹಾಗೆ. ಅವರ ಮನೆಯವರನ್ನು ಕೇಳಬೇಕು.

ಇಂಥದ್ದೇ ಇನ್ನೊಂದು, 1966ರ ‘ಸಂಧ್ಯಾರಾಗ’. ಚಿತ್ರದ ಹಕ್ಕು 2026ರ ಕೊನೆಗೆ ಮುಗಿಯುತ್ತದೆ. ಕಾದಂಬರಿ ಅ.ನ.ಕೃ. ಅವರದು. ಅವರು ಹೋದದ್ದು 1971ರಲ್ಲಿ. ಹಾಗಾಗಿ ಕಾದಂಬರಿ 2031ರ ಕೊನೆಯವರೆಗೆ. ಅಲ್ಲಿ ಅಂತರ ಐದೇ ವರ್ಷ. ‘ಸಂಸ್ಕಾರ’ ನೋಡು. 1970ರ ಚಿತ್ರ, 2030ರ ಕೊನೆಗೆ ಮುಗಿಯುತ್ತದೆ. ಅನಂತಮೂರ್ತಿ ಅವರು 2014ರಲ್ಲಿ ತೀರಿಕೊಂಡರು. ಕಾದಂಬರಿಗೆ 2074ರ ಕೊನೆಯವರೆಗೆ ಹಕ್ಕು. ನಲವತ್ನಾಲ್ಕು ವರ್ಷದ ಅಂತರ.

ಚಿತ್ರಕಥೆಗೂ ಇದೇ ನಿಯಮ. 2023ರಲ್ಲಿ ದೆಹಲಿ ಹೈಕೋರ್ಟ್ ಸತ್ಯಜಿತ್ ರೇ ಅವರ ‘ನಾಯಕ್’ ಬಗ್ಗೆ ಒಳ್ಳೆ ತೀರ್ಪು ಕೊಟ್ಟಿದೆ. ಅದೂ 1966ರ ಚಿತ್ರ. ಚಿತ್ರಕಥೆಯನ್ನು ಯಾರೋ ಕಾದಂಬರಿ ರೂಪಕ್ಕೆ ತಂದರು, ರೇ ಅವರ ಮಗನ ಅನುಮತಿ ಪಡೆದೇ ತಂದರು. ನಿರ್ಮಾಪಕರ ಕಡೆಯವರು ನಮ್ಮದನ್ನು ಕದ್ದರು ಅಂತ ಕೋರ್ಟಿಗೆ ಹೋದರು. ಚಿತ್ರಕಥೆ ಬೇರೆಯೇ ಒಂದು ಬರಹ, ಅದರ ಮಾಲೀಕರು ಬರೆದ ರೇ ಅವರೇ ಅಂತ ಕೋರ್ಟ್ ಹೇಳಿತು. ರೇ ಹೋದದ್ದು 1992ರಲ್ಲಿ. ಚಿತ್ರ 2027ರ ಜನವರಿ 1ಕ್ಕೆ ಎಲ್ಲರದ್ದಾದರೂ ಚಿತ್ರಕಥೆ 2052ರ ಕೊನೆಯವರೆಗೆ ಅವರ ಮನೆಯವರದ್ದೇ.

ಪುರಾಣ, ವಚನ, ಜನಪದ ಕಥೆ ಇದ್ದರೆ ಈ ತಾಪತ್ರಯ ಕಡಿಮೆ. 1961ರ ‘ಕಿತ್ತೂರು ಚೆನ್ನಮ್ಮ’ದಲ್ಲಿ ಅಕ್ಕಮಹಾದೇವಿಯ ವಚನ ಇದೆ. ಅಕ್ಕನ ಮಾತಿಗೆ ಯಾರ ಅಪ್ಪಣೆ ಬೇಕು? ಅದಕ್ಕೆ ಹಾಕಿದ ರಾಗಕ್ಕೆ ಮಾತ್ರ ಹಕ್ಕು ಇರುತ್ತದೆ.

ಬಯಲುಸೀಮೆ:

ಅರ್ಥ ಆಯಿತು ಸರ್. ತ.ರಾ.ಸು. ಅವರ ಮನೆಯವರಿಗೆ ಕಾಗದ ಬರೆಯುತ್ತೇವೆ.

ರೀಲುಡಬ್ಬಿ:

ಕಾನೂನು ಕಪ್ಪುಕೋಟು ಅವರು ಚೆನ್ನಾಗಿ ಹೇಳಿದರು. ನಾನು ಡಬ್ಬಿಯ ಕಡೆಯಿಂದ ಎರಡು ಮಾತು ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ಗಾಂಧಿನಗರದ ಒಂದು ಹಂಚಿಕೆ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಪ್ರಿಂಟ್ ಬಂದರೆ ರೀಲು ಎಣಿಸಿ, ತುಂಡಾದ ಕಡೆ ಅಂಟಿಸಿ, ಮುಂದಿನ ಊರಿಗೆ ಬಸ್ಸಿನ ಮೇಲೆ ಹಾಕಿ ಕಳಿಸುವುದು ನನ್ನ ಕೆಲಸ. ಸಾವಿರ ಅಡಿ ಅಂದರೆ ಹನ್ನೊಂದು ನಿಮಿಷದ ಚಿತ್ರ. ಆ ಅಂದಾಜು ಇನ್ನೂ ಬೆರಳಲ್ಲೇ ಇದೆ.

ಹಕ್ಕು ಮುಗಿಯಿತು ಅಂತ ಕಾಗದದಲ್ಲಿ ಬರೆದರೆ ಚಿತ್ರ ನಿಮ್ಮ ಕೈಗೆ ಬರುವುದಿಲ್ಲ. ಪ್ರತಿ ಎಲ್ಲಿದೆ? ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶಿಸಿದ್ದು, ಕೊಲ್ಹಾಪುರದಲ್ಲಿ ತೆಗೆದದ್ದು. ಅದು ಯಾವ ಲೆಕ್ಕದಲ್ಲಿ ನೋಡಿದರೂ ನಮ್ಮೆಲ್ಲರ ಸ್ವತ್ತು. ಆದರೆ ಒಂದು ಅಡಿ ಫಿಲ್ಮೂ ಉಳಿದಿಲ್ಲ. ಇಂಥ ಸ್ವತ್ತನ್ನು ಏನು ಮಾಡುವುದು ಹೇಳಿ.

ನಮ್ಮ ಆಫೀಸು ಮುಚ್ಚುವಾಗ ಗೋಡೌನ್ ಖಾಲಿ ಮಾಡಿದೆವು. ಒಂದು ಡಬ್ಬಿಯ ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಹುಳಿ ವಾಸನೆ ಮೂಗಿಗೆ ಹೊಡೆಯಿತು, ವಿನೆಗರ್ ಬಾಟಲಿ ಒಡೆದ ಹಾಗೆ. ಫಿಲ್ಮು ಒಣಗಿದ ಬಾಳೆಪಟ್ಟೆಯ ಹಾಗೆ ಮುರುಟಿಕೊಂಡಿತ್ತು. ಒಂದು ತುದಿ ಹಿಡಿದು ಬೆಳಕಿಗೆ ಎತ್ತಿದರೆ ಅರ್ಧ ಮುಖ ಕಾಣುತ್ತಿತ್ತು, ಇನ್ನರ್ಧ ಪುಡಿಯಾಗಿ ನನ್ನ ಅಂಗಿ ಮೇಲೆ ಬಿತ್ತು. ಉಳಿದವನ್ನು ತೂಕಕ್ಕೆ ಹಾಕಿದರು. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ತೆಗೆಯಲು ಕೊಂಡುಕೊಳ್ಳುವವರು ಇದ್ದರು. ಆ ದಿನ ತಡೆಯಲು ನನಗೆ ತಿಳಿವಳಿಕೆಯೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

60 ವರ್ಷ ಹಕ್ಕು ಇಟ್ಟುಕೊಂಡವರು 60 ವರ್ಷ ಚಿತ್ರವನ್ನೂ ಕಾಪಾಡಬೇಕು ಅಂತ ಕಾನೂನಿನಲ್ಲಿ ಇದ್ದಿದ್ದರೆ ಎಷ್ಟೋ ಚಿತ್ರ ಉಳಿಯುತ್ತಿದ್ದವು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದೇ 1964ರಲ್ಲಿ, ‘ನಾಂದಿ’ ಬಂದ ವರ್ಷ. ಅದಕ್ಕೂ ಮುಂಚಿನ ಮೂವತ್ತು ವರ್ಷದ ಕನ್ನಡ ಚಿತ್ರಗಳಿಗೆ ದಿಕ್ಕು ದೆಸೆ ಇರಲಿಲ್ಲ.

ಹಾಡುಹಕ್ಕಿ:

ರೀಲುಡಬ್ಬಿ ಸರ್, ನಿಮ್ಮ ಮಾತು ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಇನ್ನೊಂದು ಕೇಳಬೇಕಿತ್ತು. ಕೆಲವರು ಹಳೇ ಚಿತ್ರದ ನೆಗೆಟಿವ್ (ಪ್ರಿಂಟ್ ತೆಗೆಯುವ ಮೂಲ ಫಿಲ್ಮ್) ರೈಟ್ಸ್ 99 ವರ್ಷಕ್ಕೆ ನಮ್ಮದು ಅಂತಾರೆ. ಪರ್ಪೆಚುಯಲ್, ಅಂದರೆ ಶಾಶ್ವತ, ಅಂತ ಅಗ್ರಿಮೆಂಟ್ ತೋರಿಸುತ್ತಾರೆ. ಅದಕ್ಕೆ ಬೆಲೆ ಇದೆಯಾ?

ರೀಲುಡಬ್ಬಿ:

ಅಂಥ ಅಗ್ರಿಮೆಂಟ್ ನಾನೇ ಟೈಪ್ ಮಾಡಿದ್ದೇನೆ. ಆಗೆಲ್ಲ ಹಾಗೇ. ಸಾಲ ತೀರಿಸಲು ನಿರ್ಮಾಪಕರು ನೆಗೆಟಿವ್ ರೈಟ್ಸ್ ಬರೆದುಕೊಟ್ಟು ಹೋಗುತ್ತಿದ್ದರು. ನೆಗೆಟಿವ್ ಇರುತ್ತಿದ್ದದ್ದು ಮದ್ರಾಸಿನ ಲ್ಯಾಬಿನಲ್ಲಿ. ಲ್ಯಾಬ್ ಲೆಟರ್ ಯಾರ ಹೆಸರಿಗೆ ಇದೆಯೋ ಅವರಿಗೆ ಪ್ರಿಂಟ್ ಹಾಕಿಕೊಡುತ್ತಿದ್ದರು. ಆ ಪತ್ರ ಕೈ ಬದಲಾಯಿಸುತ್ತಾ ಹೋಗುತ್ತಿತ್ತು. ಮೂಲ ನಿರ್ಮಾಪಕರ ಮಕ್ಕಳಿಗೆ ತಮ್ಮ ತಂದೆಯ ಚಿತ್ರ ಈಗ ಯಾರ ಹತ್ತಿರ ಇದೆ ಅಂತಲೂ ಗೊತ್ತಿರುವುದಿಲ್ಲ.

ಕಪ್ಪುಕೋಟು:

ಅಗ್ರಿಮೆಂಟ್‌ನಲ್ಲಿ ಎಷ್ಟೇ ವರ್ಷ ಬರೆದಿರಲಿ, ಕಾಯ್ದೆ ಕೊಟ್ಟದ್ದಕ್ಕಿಂತ ಜಾಸ್ತಿ ಹಕ್ಕನ್ನು ಇಬ್ಬರು ಕೂತು ಹುಟ್ಟಿಸಲಾಗದು. 61ನೇ ವರ್ಷ ಅವರ ಹತ್ತಿರ ಉಳಿಯುವುದು ನೆಗೆಟಿವ್ ಅನ್ನುವ ವಸ್ತು. ಡಬ್ಬಿ ಅವರದ್ದು, ಅದನ್ನು ಕೊಡದೆ ಇರಬಹುದು. ಆದರೆ ಬೇರೆ ಕಡೆಯಿಂದ ನಿಮಗೆ ಒಳ್ಳೆ ಪ್ರತಿ ಸಿಕ್ಕರೆ ತೋರಿಸಬೇಡಿ ಅನ್ನುವ ಹಾಗಿಲ್ಲ.

ಬಣ್ಣ ಹಚ್ಚಿದ ಪ್ರತಿಗಳ ವಿಷಯದಲ್ಲಿ ಮಾತ್ರ ದೂರ ಇರಿ. ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ಆ ಹೊಸ ಕೆಲಸಕ್ಕೆ ಹೊಸ ಹಕ್ಕು ಕೇಳುವ ಸಾಧ್ಯತೆ ಇದೆ. ಹಳೇ ಕಪ್ಪು ಬಿಳುಪು ಪ್ರತಿಯನ್ನೇ ಹಿಡಿಯಿರಿ.

ಎಡಿಸನ್‌ಕನ್ನಡತಿ:

ನಮಸ್ಕಾರ, ನ್ಯೂಜೆರ್ಸಿಯಿಂದ. ಸರಿಯಾದ ಹೊತ್ತಿಗೆ ಈ ಚರ್ಚೆ ಸಿಕ್ಕಿತು. ನಮ್ಮ ಕನ್ನಡ ಕೂಟದಲ್ಲಿ ಯುಗಾದಿಗೆ ‘ಸತ್ಯ ಹರಿಶ್ಚಂದ್ರ’ ತೋರಿಸಬೇಕು ಅಂತ ಮಾತಾಗಿತ್ತು. ಭಾರತದಲ್ಲಿ ಹಕ್ಕು ಮುಗಿಯಿತಲ್ಲ ಅಂತ ಖುಷಿಪಟ್ಟೆವು. ಕೂಟದ ಒಬ್ಬ ಲಾಯರ್ ಅಣ್ಣ ಬೇಡ ಅಂದುಬಿಟ್ಟರು. ಅಮೆರಿಕದಲ್ಲಿ ಇನ್ನೂ ಮುಗಿದಿಲ್ಲವಂತೆ. ಇದು ನಿಜವಾ? ತಾಯಿನಾಡಿನಲ್ಲಿ ಬಿಡುಗಡೆಯಾದ ಚಿತ್ರ ಇಲ್ಲಿ ಕಟ್ಟಿಹಾಕಿದಂತೆ ಹೇಗೆ?

ಕಪ್ಪುಕೋಟು:

ನಿಮ್ಮ ಲಾಯರ್ ಅಣ್ಣ ಹೇಳಿದ್ದು ಸರಿ ಮೇಡಂ. ಅಲ್ಲಿ ಆ ಕಾಲದ ಚಿತ್ರಗಳಿಗೆ ಪ್ರಕಟವಾದ ವರ್ಷದಿಂದ 95 ವರ್ಷ. ಮೊದಲು ಅಲ್ಲಿ ನೋಂದಣಿ, ನವೀಕರಣ, ಕಾಪಿರೈಟ್ ಸೂಚನೆ ಅಂತೆಲ್ಲ ಷರತ್ತು ಇದ್ದವು. ಅವನ್ನು ಪಾಲಿಸದೆ ಎಷ್ಟೋ ಚಿತ್ರಗಳು ಹಕ್ಕು ಕಳಕೊಂಡವು. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಹೆಸರು ಬದಲಾಯಿಸುವಾಗ ಕಾಪಿರೈಟ್ ಸೂಚನೆ ಇದ್ದ ಸಾಲು ಬಿಟ್ಟುಹೋಗಿ, ಬಂದ ದಿನವೇ ಎಲ್ಲರದ್ದಾಯಿತು. ನಮ್ಮ ಚಿತ್ರಗಳೂ ಅಲ್ಲಿ ಇಂಥ ಷರತ್ತು ಪಾಲಿಸಿರಲಿಲ್ಲ. ಆದರೆ 1996ರ ಜನವರಿ 1ಕ್ಕೆ ಒಂದು ಕಾನೂನು ಹೊರದೇಶದ ಕೃತಿಗಳಿಗೆ ಹಕ್ಕನ್ನು ಮರಳಿ ಕೊಟ್ಟಿತು. ಆ ದಿನ ಅವುಗಳ ಸ್ವಂತ ದೇಶದಲ್ಲಿ ಹಕ್ಕು ಜೀವಂತ ಇರಬೇಕು, ಅದು ಷರತ್ತು. ‘ಸತ್ಯ ಹರಿಶ್ಚಂದ್ರ’ಕ್ಕೆ ಇಲ್ಲಿ ಆಗ ಮೂವತ್ತು ವರ್ಷ ಬಾಕಿ ಇತ್ತು. ಹಾಗಾಗಿ ಅಲ್ಲಿ 2060ರ ಕೊನೆಯವರೆಗೆ ಹಕ್ಕು ಇದೆ. ‘ನಾಂದಿ’ಗೆ 2059ರ ಕೊನೆ.

ಸ್ವಂತ ದೇಶದಲ್ಲಿ ಮುಗಿದರೆ ನಮ್ಮಲ್ಲೂ ಮುಗಿಯಿತು ಅನ್ನುವ ನಿಯಮ ಹಲವು ದೇಶಗಳಲ್ಲಿದೆ. ಬ್ರಿಟನ್ನಿನಲ್ಲಿದೆ. ಭಾರತವೂ ಹೊರಗಿನ ಕೃತಿಗಳಿಗೆ ಅದನ್ನೇ ಪಾಲಿಸುತ್ತದೆ. ಅಮೆರಿಕ ಪಾಲಿಸುವುದಿಲ್ಲ. ಹಾಡುಹಕ್ಕಿ ಅವರ ತೊಂದರೆಗೆ ಇದೂ ಒಂದು ಕಾರಣ ಇರಬಹುದು. ವಿಡಿಯೋ ಇಟ್ಟುಕೊಳ್ಳುವ ಆ ಕಂಪನಿ ಅಮೆರಿಕದ್ದು, ಅಲ್ಲಿನ ಕಾನೂನಿಗೆ ಬಗ್ಗಿ ನಡೆಯಬೇಕು.

ಎಡಿಸನ್‌ಕನ್ನಡತಿ:

ಅಂದರೆ ಮೈಸೂರಿನಲ್ಲಿ ನನ್ನ ತಮ್ಮ ತೆರೆ ಕಟ್ಟಿ ತೋರಿಸಬಹುದು, ನಾನು ಇಲ್ಲಿ ತೋರಿಸುವ ಹಾಗಿಲ್ಲ. ಸಂಕಟ ಆಗುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ರಾಜ್‌ಕುಮಾರ್ ಅವರನ್ನು ದೊಡ್ಡ ತೆರೆಯ ಮೇಲೆ ನೋಡಿಯೇ ಇಲ್ಲ. ಸರಿ, ಈಗ ಹಕ್ಕು ಯಾರ ಹತ್ತಿರ ಇದೆ ಅಂತ ಹುಡುಕಿ ಅನುಮತಿ ಕೇಳುತ್ತೇವೆ. ರೀಲುಡಬ್ಬಿ ಸರ್, ಎಲ್ಲಿಂದ ಶುರು ಮಾಡಲಿ?

ರೀಲುಡಬ್ಬಿ:

ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಒಂದು ಪತ್ರ ಹಾಕಿ ತಾಯಿ. ಜೊತೆಗೆ ಬಣ್ಣದ ಪ್ರತಿ ಬಿಡುಗಡೆ ಮಾಡಿದವರು ಯಾರು ಅಂತ ಹಿಡಿಯಿರಿ, ಅವರು ಹಕ್ಕಿನ ಸರಪಳಿ ಒಮ್ಮೆ ಹುಡುಕಿಯೇ ಇರುತ್ತಾರೆ. ಕೂಟದ ಲೆಟರ್‌ಹೆಡ್ಡಿನಲ್ಲಿ ಕೇಳಿ, ಟಿಕೆಟ್ ಇಲ್ಲ ಅಂತ ಬರೆಯಿರಿ. ಹಳಬರು ಮನಸ್ಸು ಮಾಡುತ್ತಾರೆ.

ಕಪ್ಪುಕೋಟು:

ತುಂಗಾತೀರ ಮೇಡಂ, ಒಂದು ಮರೆತಿದ್ದೆ. ಹಕ್ಕು ಮುಗಿದರೂ ಮಾಡಿದವರ ಹೆಸರು ಅಳಿಸಬಾರದು, ಚಿತ್ರವನ್ನು ವಿರೂಪ ಮಾಡಬಾರದು. 57ನೇ ಕಲಂ ಕರ್ತೃವಿನ ಗೌರವ ಕಾಯುತ್ತದೆ, ಅದಕ್ಕೆ 60 ವರ್ಷದ ಗಡಿ ಇಲ್ಲ. ಟೈಟಲ್ ಕಾರ್ಡ್ ಪೂರ್ತಿ ಬಿಡಿ. ಆಮೇಲೆ ಸೆನ್ಸಾರ್ ಬೇರೆ ಕಾನೂನು, 1952ರದ್ದು. 2023ರ ತಿದ್ದುಪಡಿಯ ನಂತರ ಸರ್ಟಿಫಿಕೇಟಿಗೆ ಹತ್ತು ವರ್ಷದ ಮಿತಿ ಇಲ್ಲ, ಅದರ ಚಿಂತೆ ಬೇಡ.

ತುಂಗಾತೀರ:

ಒಂದೂವರೆ ತಿಂಗಳಾದ ಮೇಲೆ ಬರುತ್ತಿದ್ದೇನೆ, ಕ್ಷಮಿಸಿ. ಮೊನ್ನೆ ಶನಿವಾರ ತೋರಿಸಿದೆವು. ಶಾಲೆಯ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ, ಬಾಡಿಗೆ ಪ್ರೊಜೆಕ್ಟರ್ ತಂದು. ಮಕ್ಕಳು, ಪೋಷಕರು, ಶಿಕ್ಷಕರು ಬಿಟ್ಟರೆ ಹೊರಗಿನವರನ್ನು ಕರೆಯಲಿಲ್ಲ. ಪ್ರಶ್ನೆ ಎತ್ತಿದ್ದ ಸಮಿತಿಯವರೇ ಮುಂದಿನ ಸಾಲಿನಲ್ಲಿ ಕೂತಿದ್ದರು.

ಕಿವಿ ಕೇಳುವ ಅಪ್ಪ ಅಮ್ಮಂದಿರಿಗಾಗಿ ಸ್ಪೀಕರ್ ಇಟ್ಟಿದ್ದೆವು. ಹಾಡು ಬಂದಾಗ ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು ಹೋಗಿ ಆ ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಅವಳನ್ನು ನೋಡಿ ಇನ್ನಿಬ್ಬರು ಹೋದರು. ಹಾಡು ಮುಗಿಯುವವರೆಗೆ ಮೂವರೂ ಕೈ ತೆಗೆಯಲಿಲ್ಲ. ಕಣ್ಣು ಮಾತ್ರ ಅಡಿಬರಹದ ಮೇಲೆ.

ಬೆಳಕು ಹಾಕಿದ ಮೇಲೆ ಒಬ್ಬ ದೊಡ್ಡ ಹುಡುಗ ಸನ್ನೆಯಲ್ಲಿ ಕೇಳಿದ, ಇಂಥದ್ದು ಇನ್ನೂ ಇವೆಯಾ ಅಂತ. 1965ರವು ಬಂದಿವೆ, ಮುಂದಿನ ಜನವರಿಗೆ 1966ರವು ಬರುತ್ತವೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ಈಗ ‘ಸತ್ಯ ಹರಿಶ್ಚಂದ್ರ’ದ ಕಪ್ಪು ಬಿಳುಪು ಪ್ರತಿ ಬೇಕು. ಯಾರ ಹತ್ತಿರವಾದರೂ ಸದ್ದು ಸ್ಪಷ್ಟವಾಗಿರುವ ಪ್ರತಿ ಇದ್ದರೆ ಇಲ್ಲೇ ತಿಳಿಸಿ. ಡೈಲಾಗ್ ಕೇಳಿ ಬರೆದುಕೊಳ್ಳಲು ಜೊತೆಗೆ ಇಬ್ಬರು ಬೇಕಾಗಿದ್ದಾರೆ.

ಹಾಡುಹಕ್ಕಿ:

ಒಬ್ಬ ನಾನು. ಹಾಡುಗಳ ಭಾಗ ನನಗೆ ಬಿಡಿ.

ಬಯಲುಸೀಮೆ:

ಇನ್ನೊಬ್ಬ ನಾನು ಅಕ್ಕ. ಪರೀಕ್ಷೆ ಮುಗಿದ ಮಾರನೇ ದಿನದಿಂದ ಕೂರುತ್ತೇನೆ.